ಗಿರಾಕಿ ಬರುವ ಮೊದಲೇ ಕಟ್ಟಿದ ಗೋದಾಮು: ವೆಬ್‌ವ್ಯಾನ್ ಮುಳುಗಿದ್ದು ಹೇಗೆ?

ಕಲಬುರಗಿಯ ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಗಲ್ಲಾದ ಪಕ್ಕಕ್ಕೆ ಒಂದು ಕಬ್ಬಿಣದ ಮೊಳೆ ಇದೆ. ಮನೆಗೆ ಸಾಮಾನು ಕಳಿಸಬೇಕಾದ ಚೀಟಿಗಳನ್ನೆಲ್ಲ ಅಂಗಡಿಯವರು ಅದಕ್ಕೆ ಚುಚ್ಚಿಡುತ್ತಾರೆ. ಹೋದ ತಿಂಗಳು ನಾನು ತೊಗರಿ ಬೇಳೆ ತೂಗಿಸಿಕೊಳ್ಳುತ್ತಿದ್ದಾಗ ಅವರು ತಕ್ಕಡಿಯ ಮೇಲಿನ ಕಣ್ಣು ತೆಗೆಯದೆ ಕೇಳಿದರು: "ಫೋನಿನ್ಯಾಗ ಒತ್ತಿದ್ರ ಹತ್ತು ನಿಮಿಷಕ್ಕ ಮನಿಗೆ ಕಿರಾಣಿ ಬರ್ತದಂತ. ಅವರಿಗೆ ಅದು ಹ್ಯಾಂಗ ಪರವಡ್ತದ್ರಿ ಸರ್?"

ಅನೇಕ ವರ್ಷ ದಾಲ್ ಮಿಲ್‌ಗಳ ಲೆಕ್ಕ ಬರೆದ ನನಗೆ ಈ "ಪರವಡುವುದು" ಎಂಬ ಮಾತು ಚೆನ್ನಾಗಿ ಪರಿಚಿತ. ಬರುವ ಹಣವು ಹೋಗುವ ಹಣವನ್ನು ಮೀರಿ ಏನಾದರೂ ಉಳಿಯುತ್ತದೆಯೇ ಎಂಬುದಷ್ಟೇ ಅದರ ಅರ್ಥ. ಮನೆ ಬಾಗಿಲಿಗೆ ಕಿರಾಣಿ ತಲುಪಿಸುವ ವ್ಯಾಪಾರದಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಅಮೆರಿಕದ ಒಂದು ಕಂಪನಿ 80 ಕೋಟಿ ಡಾಲರ್‌ಗೂ ಹೆಚ್ಚು ಹಣವನ್ನು ಕಳೆದುಕೊಂಡು 2001ರಲ್ಲಿ ಬಾಗಿಲು ಹಾಕಿತು. ಅದರ ಹೆಸರು ವೆಬ್‌ವ್ಯಾನ್. ಅದು ಮುಳುಗಿದ ಕಾರಣವನ್ನು ಅರಿತರೆ ಈಗಿನ ಕಿರಾಣಿ ಆಪ್‌ಗಳು ಏಕೆ ಹೀಗೆ ನಡೆದುಕೊಳ್ಳುತ್ತವೆ ಎಂಬುದೂ ಬಹುಮಟ್ಟಿಗೆ ಅರ್ಥವಾಗುತ್ತದೆ.

ವೆಬ್‌ವ್ಯಾನ್ ಎಂದರೆ ಏನಾಗಿತ್ತು?

ಪುಸ್ತಕದಂಗಡಿಗಳ ದೊಡ್ಡ ಸರಪಳಿಯೊಂದನ್ನು ಕಟ್ಟಿದವರಲ್ಲಿ ಒಬ್ಬರಾದ ಲೂಯಿಸ್ ಬಾರ್ಡರ್ಸ್ 1996ರಲ್ಲಿ ಈ ಕಂಪನಿಗೆ ಅಡಿಗಲ್ಲು ಹಾಕಿದರು. 1999ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಪ್ರದೇಶದಲ್ಲಿ ಅದರ ವ್ಯಾಪಾರ ಶುರುವಾಯಿತು. ಗಿರಾಕಿಯು ಮನೆಯ ಕಂಪ್ಯೂಟರಿನಲ್ಲಿ ಕುಳಿತು ತರಕಾರಿ, ಹಾಲು, ಮಾಂಸ, ಸಾಬೂನು ಎಲ್ಲವನ್ನೂ ಆರಿಸಿ, ಯಾವ ಹೊತ್ತಿಗೆ ಬೇಕೆಂದು ಹೇಳಿದರೆ, ಆ ಅರ್ಧ ಗಂಟೆಯ ಒಳಗೆ ಕಂಪನಿಯ ತಂಪು ವ್ಯಾನು ಮನೆ ಮುಂದೆ ಬಂದು ನಿಲ್ಲುತ್ತಿತ್ತು. 50 ಡಾಲರ್ ಮೀರಿದ ಖರೀದಿಗೆ ಆರಂಭದಲ್ಲಿ ತಲುಪಿಸುವ ಶುಲ್ಕವೂ ಇರಲಿಲ್ಲ. ಸಾಮಾನು ತಂದವನು ಭಕ್ಷೀಸು ಮುಟ್ಟುವಂತಿರಲಿಲ್ಲ. ಬಳಸಿದವರಲ್ಲಿ ಬಹಳಷ್ಟು ಜನ ಈ ಸೇವೆಯನ್ನು ಮೆಚ್ಚಿಕೊಂಡಿದ್ದರು ಎಂಬುದನ್ನು ನೆನಪಿಡಬೇಕು. ಕೆಟ್ಟ ಮಾಲು ಕೊಟ್ಟು ಹೆಸರು ಕೆಡಿಸಿಕೊಂಡ ಅಂಗಡಿಯ ಕಥೆ ಇದಲ್ಲ.

ಸ್ಥಿರ ಖರ್ಚು: ದಾಲ್ ಮಿಲ್ಲಿನಿಂದ ಒಂದು ಉದಾಹರಣೆ

ಮುಂದಕ್ಕೆ ಹೋಗುವ ಮೊದಲು "ಸ್ಥಿರ ಖರ್ಚು" ಎಂಬ ಮಾತನ್ನು ಸ್ಪಷ್ಟ ಮಾಡಿಕೊಳ್ಳಬೇಕು. ವ್ಯಾಪಾರ ನಡೆಯಲಿ, ನಡೆಯದಿರಲಿ, ತಪ್ಪದೆ ಕಟ್ಟಬೇಕಾದ ಹಣಕ್ಕೆ ಸ್ಥಿರ ಖರ್ಚು ಎನ್ನುತ್ತಾರೆ. ಕಟ್ಟಡದ ಬಾಡಿಗೆ, ಸಾಲದ ಕಂತು, ಕಾಯಂ ಆಳುಗಳ ಸಂಬಳ ಇವೆಲ್ಲ ಅದರಲ್ಲಿ ಸೇರುತ್ತವೆ. ಮಾರಿದಷ್ಟಕ್ಕೆ ಮಾತ್ರ ತಗಲುವ ಖರ್ಚು ಬೇರೆ: ಮಾಲು ಕೊಂಡ ಬೆಲೆ, ಚೀಲ, ಹಮಾಲಿ ಇತ್ಯಾದಿ.

ನಾನು ಲೆಕ್ಕ ಬರೆಯುತ್ತಿದ್ದ ಒಂದು ದಾಲ್ ಮಿಲ್ಲಿನ ಮಾಲೀಕರು ಬ್ಯಾಂಕಿನಿಂದ ದೊಡ್ಡ ಸಾಲ ಎತ್ತಿ, ಬೇಳೆಯ ಬಣ್ಣ ನೋಡಿ ಬೇರ್ಪಡಿಸುವ ಹೊಸ ಸಾರ್ಟೆಕ್ಸ್ ಯಂತ್ರವನ್ನು ಕೂರಿಸಿದರು. ಹಳೆಯ ಯಂತ್ರಕ್ಕಿಂತ ಅದರ ಸಾಮರ್ಥ್ಯ ಎಷ್ಟೋ ಪಾಲು ಹೆಚ್ಚು. ತೊಗರಿ ಚೆನ್ನಾಗಿ ಬಂದು ಯಂತ್ರ ಹಗಲಿರುಳು ಓಡಿದ್ದರೆ ಕ್ವಿಂಟಲ್ ಒಂದಕ್ಕೆ ಬೀಳುವ ಖರ್ಚು ಹಳೆಯದಕ್ಕಿಂತ ಕಡಿಮೆಯೇ ಆಗುತ್ತಿತ್ತು. ಆದರೆ ಅದೇ ವರ್ಷ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಿತ್ತು. ಗಂಜ್ ಮಾರುಕಟ್ಟೆಗೆ ಬರುವ ಮಾಲು ಕುಸಿಯಿತು. ಯಂತ್ರ ವಾರದಲ್ಲಿ ಎರಡು ಮೂರು ದಿನ ಓಡಿದರೆ ಹೆಚ್ಚು. ಬ್ಯಾಂಕಿನ ಕಂತಿಗೆ ನೆಟೆ ರೋಗ ಗೊತ್ತಿರುವುದಿಲ್ಲ. ತಿಂಗಳಿಗೆ ಕಟ್ಟಬೇಕಾದ ಅದೇ ಹಣವನ್ನು ಈಗ ಕೆಲವೇ ಕ್ವಿಂಟಲ್‌ಗಳ ಮೇಲೆ ಹಂಚಬೇಕಾದ್ದರಿಂದ ಪ್ರತಿ ಕ್ವಿಂಟಲ್ ಬೇಳೆಯೂ ನಷ್ಟದಲ್ಲೇ ಹೊರಬಿತ್ತು. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಅದರ ಹೊಟ್ಟೆ ತುಂಬುವಷ್ಟು ತೊಗರಿ ಇರಲಿಲ್ಲ, ಅಷ್ಟೇ.

ಆ ಮಾಲೀಕರಿಗೆ ನೆಟೆ ರೋಗ ಮೊದಲೇ ತಿಳಿದಿರಲಿಲ್ಲ. ವೆಬ್‌ವ್ಯಾನ್‌ನವರು ತಮ್ಮ ಯಂತ್ರಕ್ಕೆ ಎಷ್ಟು ತೊಗರಿ ಬರುತ್ತದೆ ಎಂಬುದನ್ನು ಒಂದು ಊರಿನಲ್ಲಿ ನೋಡಿ, ಆಮೇಲೆ ಮುಂದುವರಿಯಬಹುದಾಗಿತ್ತು. ಅವರು ಕಾಯಲಿಲ್ಲ.

ಓಕ್‌ಲ್ಯಾಂಡಿನ ಗೋದಾಮಿನ ಒಳಗೆ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಇನ್ನೊಂದು ದಡದಲ್ಲಿರುವ ಓಕ್‌ಲ್ಯಾಂಡ್ ನಗರದಲ್ಲಿ ಕಂಪನಿಯ ಮೊದಲ ಗೋದಾಮು ಇತ್ತು. ಅದರ ವಿಸ್ತಾರ ಸುಮಾರು 3 ಲಕ್ಷ 30 ಸಾವಿರ ಚದರ ಅಡಿ, ಅಂದರೆ ನಮ್ಮ ಲೆಕ್ಕದಲ್ಲಿ ಏಳೂವರೆ ಎಕರೆ ಹೊಲಕ್ಕೆ ಪೂರ್ತಿ ಛಾವಣಿ ಹಾಕಿದಂತೆ. ಅದರೊಳಗೆ ಏಳು ಕಿಲೋಮೀಟರಿಗೂ ಉದ್ದದ ಸಾಗಣೆ ಪಟ್ಟಿ ಓಡುತ್ತಿತ್ತು. ಗಿರಾಕಿಯ ಹೆಸರಿನ ಪ್ಲಾಸ್ಟಿಕ್ ಪೆಟ್ಟಿಗೆ ಆ ಪಟ್ಟಿಯ ಮೇಲೆ ಕುಳಿತು ಕೆಲಸಗಾರನ ಬಳಿಗೆ ತಾನಾಗಿ ಬರುತ್ತಿತ್ತು. ಸಾಮಾನು ತುಂಬಿದ ಕಪಾಟುಗಳು ಗಿರಗಿರನೆ ತಿರುಗಿ, ಬೇಕಾದ ಡಬ್ಬಿಯನ್ನು ಅವನ ಕೈಗೆಟಕುವಂತೆ ತಂದು ನಿಲ್ಲಿಸುತ್ತಿದ್ದವು. ಕೆಲಸಗಾರ ತಾನಿದ್ದ ಜಾಗದಿಂದ ಇಪ್ಪತ್ತು ಅಡಿಗಿಂತ ಹೆಚ್ಚು ನಡೆಯಬೇಕಾಗಿರಲಿಲ್ಲ. ತುಂಬಿದ ಪೆಟ್ಟಿಗೆಗಳನ್ನು ದೊಡ್ಡ ಲಾರಿಗಳು ಅಲ್ಲಲ್ಲಿನ ಚಿಕ್ಕ ಕೇಂದ್ರಗಳಿಗೆ ಒಯ್ಯುತ್ತಿದ್ದವು. ಅಲ್ಲಿಂದ ವ್ಯಾನುಗಳು ಮನೆಮನೆಗೆ ಹೊರಡುತ್ತಿದ್ದವು. ಗೋದಾಮಿನ ಸುತ್ತ 80 ಕಿಲೋಮೀಟರ್‌ವರೆಗಿನ ಮನೆಗಳನ್ನು ಹೀಗೆ ಮುಟ್ಟುವ ಯೋಜನೆ ಅದು. ಕಲಬುರಗಿಯ ಒಂದೇ ಗೋದಾಮಿನಿಂದ ಹುಮನಾಬಾದನ್ನೂ ದಾಟಿ ಸೊಪ್ಪು, ಹಾಲು ಕಳಿಸುವ ವ್ಯವಸ್ಥೆಯನ್ನು ಊಹಿಸಿಕೊಂಡರೆ ಅದರ ಅಳತೆ ಸಿಗುತ್ತದೆ.

ದಿನಕ್ಕೆ 8,000 ಆರ್ಡರ್‌ಗಳನ್ನು ನಿಭಾಯಿಸುವಂತೆ ಈ ಗೋದಾಮನ್ನು ಕಟ್ಟಲಾಗಿತ್ತು. ಬಂದ ಆರ್ಡರ್‌ಗಳು ಅದರ ಅರ್ಧವನ್ನೂ ಮುಟ್ಟಲಿಲ್ಲ.

ಒಂದು ಆರ್ಡರಿನ ಲೆಕ್ಕ

ಕಿರಾಣಿಯು ತೆಳು ಲಾಭದ ವ್ಯಾಪಾರ. ಅಮೆರಿಕದ ದೊಡ್ಡ ಕಿರಾಣಿ ಅಂಗಡಿಗಳಿಗೆ ಎಲ್ಲ ಖರ್ಚು ಕಳೆದು ನೂರು ಡಾಲರ್ ಮಾರಾಟದಲ್ಲಿ ಒಂದರಿಂದ ಮೂರು ಡಾಲರ್ ಉಳಿದರೆ ಅದು ಸಾಮಾನ್ಯವಾದ ಲಾಭ. ಅದೂ ಗಿರಾಕಿಯೇ ಅಂಗಡಿಗೆ ಬಂದು, ತಾನೇ ಕಪಾಟಿನಿಂದ ತೆಗೆದು, ತಾನೇ ಹೊತ್ತೊಯ್ದಾಗ. ಈ ಮೂರೂ ಕೆಲಸಗಳನ್ನು ಅಂಗಡಿಯವನೇ ಮಾಡಿದರೆ ಏನಾಗುತ್ತದೆ ಎಂಬುದನ್ನು ರೂಪಾಯಿಯಲ್ಲಿ ಒಂದು ಕಲ್ಪಿತ ಲೆಕ್ಕದಿಂದ ನೋಡೋಣ. ಈ ಅಂಕಿಗಳು ಯಾವ ಕಂಪನಿಯವೂ ಅಲ್ಲ.

ಒಂದು ಆರ್ಡರ್ 1,000 ರೂಪಾಯಿಯದು, ಮಾಲಿನ ಖರೀದಿ ಬೆಲೆ 800 ಎಂದಿಟ್ಟುಕೊಳ್ಳಿ. ಕೈಯಲ್ಲಿ ಉಳಿದದ್ದು 200. ಒಂದು ವ್ಯಾನಿಗೆ ಡ್ರೈವರ್, ಡೀಸೆಲ್, ಕಂತು ಎಲ್ಲ ಸೇರಿ ದಿನಕ್ಕೆ 3,000 ಖರ್ಚು. ಆ ವ್ಯಾನು ದಿನಕ್ಕೆ 30 ಮನೆ ಮುಟ್ಟಿದರೆ ಮನೆಗೆ ನೂರು ರೂಪಾಯಿ ತಗಲುತ್ತದೆ, ಇನ್ನು ನೂರು ಉಳಿಯುತ್ತದೆ. ಗೋದಾಮಿನ ಸ್ಥಿರ ಖರ್ಚು ದಿನಕ್ಕೆ ಒಂದು ಲಕ್ಷವಾಗಿದ್ದು, ಸಾವಿರ ಆರ್ಡರ್ ಬಂದರೆ, ತಲಾ ನೂರು ರೂಪಾಯಿ ಅದಕ್ಕೆ ಹೋಗಿ ಲೆಕ್ಕ ಸರಿಸಮ ಆಗುತ್ತದೆ. ಲಾಭವೂ ಇಲ್ಲ, ಹಾನಿಯೂ ಇಲ್ಲ.

ಈಗ ಆರ್ಡರ್‌ಗಳು ಮುನ್ನೂರಕ್ಕೆ ಇಳಿದವು ಎನ್ನಿ. ಗೋದಾಮಿನ ಪಾಲು ಆರ್ಡರಿಗೆ ನೂರರಿಂದ 333ಕ್ಕೆ ಏರುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಆರ್ಡರ್ ಕಡಿಮೆಯಾದರೆ ಮನೆಗಳ ನಡುವಿನ ದೂರ ಹೆಚ್ಚುತ್ತದೆ. ಒಂದು ಮನೆ ಈ ತುದಿಗೆ, ಇನ್ನೊಂದು ಆ ತುದಿಗೆ. ವ್ಯಾನು ದಿನಕ್ಕೆ 15 ಮನೆ ಮಾತ್ರ ಮುಟ್ಟುತ್ತದೆ, ಮನೆಗೆ 200 ರೂಪಾಯಿ ತಗಲುತ್ತದೆ, ಕೈಯಲ್ಲಿದ್ದ 200 ಅಲ್ಲಿಗೇ ಮುಗಿಯುತ್ತದೆ. ಆಗ ಪ್ರತಿ ಆರ್ಡರಿಗೂ 333 ರೂಪಾಯಿ ನಿವ್ವಳ ಹಾನಿ. ಆಳಂದಕ್ಕೆ ಹೋಗುವ ಬಸ್ಸಿನಲ್ಲಿ ಐದು ಜನ ಕುಳಿತರೂ ಐವತ್ತು ಜನ ಕುಳಿತರೂ ಡೀಸೆಲ್ಲಿನ ಖರ್ಚು ಹೆಚ್ಚು ಕಡಿಮೆ ಒಂದೇ ಎಂಬುದು ಕಂಡಕ್ಟರನಿಗೂ ಗೊತ್ತು. ಇಲ್ಲಿ ಬಸ್ಸೂ ಖಾಲಿ, ಬಸ್ ನಿಲ್ದಾಣವೂ ಖಾಲಿ.

ವೆಬ್‌ವ್ಯಾನ್ ಕೊಟ್ಟ ಅರ್ಧ ಗಂಟೆಯ ಮಾತು ಈ ಕಷ್ಟವನ್ನು ಇನ್ನಷ್ಟು ಬಿಗಿ ಮಾಡಿತು. "ಸಾಯಂಕಾಲದೊಳಗೆ ತರುತ್ತೇವೆ" ಎಂದಿದ್ದರೆ ಒಂದೇ ಓಣಿಯ ಮನೆಗಳನ್ನು ಒಟ್ಟಿಗೆ ಮುಗಿಸಬಹುದಿತ್ತು. ಒಬ್ಬರಿಗೆ ಆರು ಗಂಟೆಗೆ, ಪಕ್ಕದ ಮನೆಗೆ ಎಂಟಕ್ಕೆ ಎಂದು ಮಾತು ಕೊಟ್ಟ ಮೇಲೆ ವ್ಯಾನು ಅದೇ ಓಣಿಗೆ ಎರಡು ಸಲ ಹೋಗಲೇಬೇಕು.

ಕಂಪನಿಯ ಲೆಕ್ಕದಲ್ಲೂ ಈ ಚಿತ್ರವೇ ಕಾಣುತ್ತದೆ. 2000ನೇ ಇಸವಿಯಲ್ಲಿ ಅದರ ಮಾರಾಟ ಸುಮಾರು 17 ಕೋಟಿ 85 ಲಕ್ಷ ಡಾಲರ್. ಖರ್ಚು 50 ಕೋಟಿ ಡಾಲರನ್ನು ಮೀರಿತ್ತು.

ಗಿರಾಕಿಗಳು ಏಕೆ ಸಾಲಲಿಲ್ಲ?

2000ನೇ ಇಸವಿಯ ಆಗಸ್ಟಿನಲ್ಲಿ ಅಮೆರಿಕದ ನೂರು ಮನೆಗಳಲ್ಲಿ ಸುಮಾರು 42ರಲ್ಲಿ ಮಾತ್ರ ಇಂಟರ್‌ನೆಟ್ ಇತ್ತು. ಅದರಲ್ಲೂ ಬಹುಪಾಲು ಟೆಲಿಫೋನ್ ತಂತಿಯ ಮೂಲಕ ನಿಧಾನವಾಗಿ ತೆರೆದುಕೊಳ್ಳುವ ಇಂಟರ್‌ನೆಟ್. ಜೇಬಿನಲ್ಲಿ ಸ್ಮಾರ್ಟ್‌ಫೋನ್ ಇರಲಿಲ್ಲ. ಮೂವತ್ತು ನಲವತ್ತು ಸಾಮಾನುಗಳ ಪಟ್ಟಿಯನ್ನು ಒಂದೊಂದೇ ಪುಟ ತೆರೆದು ಮುಗಿಸುವಷ್ಟರಲ್ಲಿ, ಕಾರು ಹತ್ತಿ ಅಂಗಡಿಗೆ ಹೋಗಿ ಬಂದರಾಯಿತು ಎನ್ನಿಸುವುದು ಸಹಜ.

ಇನ್ನೊಂದು ಕಾರಣ ಅಭ್ಯಾಸದ್ದು. ಟಿವಿಯನ್ನು ಹತ್ತು ವರ್ಷಕ್ಕೊಮ್ಮೆ ಕೊಳ್ಳುತ್ತೇವೆ; ಕಿರಾಣಿಯನ್ನು ವಾರವಾರ ಕೊಳ್ಳುತ್ತೇವೆ. ಕುತೂಹಲಕ್ಕೆ ಒಮ್ಮೆ ತರಿಸಿದವನಿಂದ ಈ ವ್ಯಾಪಾರ ನಡೆಯುವುದಿಲ್ಲ, ಅವನು ಪ್ರತಿ ವಾರ ಬರಬೇಕು. ಬದನೆಕಾಯಿಯನ್ನು ಹಿಚುಕಿ ನೋಡದೆ ಕೊಳ್ಳುವ ಧೈರ್ಯ ಎಲ್ಲರಿಗೂ ಒಂದೇ ವರ್ಷದಲ್ಲಿ ಬರುವುದಿಲ್ಲ, ಅದು ಕಲಬುರಗಿಯಾದರೂ ಅಷ್ಟೇ, ಕ್ಯಾಲಿಫೋರ್ನಿಯಾ ಆದರೂ ಅಷ್ಟೇ.

ಇಷ್ಟು ಅವಸರ ಏಕಿತ್ತು?

ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ಕೀಲಿ ಒಂದು ತಾರೀಖಿನಲ್ಲಿದೆ. ವ್ಯಾಪಾರ ಶುರುವಾದದ್ದು 1999ರ ಜೂನ್‌ನಲ್ಲಿ. ಜುಲೈನಲ್ಲೇ ಕಂಪನಿಯು ಬೆಕ್ಟೆಲ್ ಎಂಬ ದೊಡ್ಡ ನಿರ್ಮಾಣ ಸಂಸ್ಥೆಯೊಂದಿಗೆ 100 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡು, ಇಂಥವೇ 26 ಗೋದಾಮುಗಳನ್ನು ಬೇರೆ ಬೇರೆ ನಗರಗಳಲ್ಲಿ ಕಟ್ಟಲು ಹೇಳಿತು. ಮೊದಲ ಗೋದಾಮು ತುಂಬುತ್ತದೆಯೋ ಇಲ್ಲವೋ ಎಂಬುದು ಒಂದು ತಿಂಗಳಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ.

ಈ ಧೈರ್ಯಕ್ಕೆ ಷೇರು ಮಾರುಕಟ್ಟೆ ಬೆನ್ನ ಹಿಂದಿತ್ತು. ಕಂಪನಿಯೊಂದು ತನ್ನ ಒಡೆತನದ ಸಣ್ಣ ಪಾಲುಗಳನ್ನು ಮೊದಲ ಬಾರಿಗೆ ಜನರಿಗೆ ಮಾರಿ ಹಣ ಎತ್ತುವುದಕ್ಕೆ ಐಪಿಒ ಎನ್ನುತ್ತಾರೆ. 1999ರ ನವೆಂಬರಿನಲ್ಲಿ ವೆಬ್‌ವ್ಯಾನ್ ತನ್ನ ಷೇರನ್ನು 15 ಡಾಲರಿನಂತೆ ಮಾರಿ 37 ಕೋಟಿ 50 ಲಕ್ಷ ಡಾಲರ್ ಎತ್ತಿತು. ಮೊದಲ ದಿನವೇ ಷೇರಿನ ದರ ಏರಿ, ಇಡೀ ಕಂಪನಿಯ ಬೆಲೆ ಸುಮಾರು 800 ಕೋಟಿ ಡಾಲರ್ ಎಂದಾಯಿತು.

ಇಲ್ಲಿ ಓದುಗರು ಎಡವುವ ಒಂದು ಜಾಗವಿದೆ. 800 ಕೋಟಿ ಎಂಬುದು ಕಂಪನಿಯ ತಿಜೋರಿಯಲ್ಲಿದ್ದ ಹಣವಲ್ಲ. ನಮ್ಮ ರಿಂಗ್ ರೋಡಿನ ಬದಿಯಲ್ಲಿ ಯಾರೋ ಒಬ್ಬರು ಒಂದು ಪ್ಲಾಟನ್ನು ಭಾರೀ ದರಕ್ಕೆ ಕೊಂಡರೆ, ಅದೇ ದರ ಹಿಡಿದು ಅಕ್ಕಪಕ್ಕದವರೆಲ್ಲ ತಾವೂ ಕೋಟ್ಯಧೀಶರೆಂದು ಲೆಕ್ಕ ಹಾಕುವುದುಂಟು. ಎಲ್ಲರೂ ಒಮ್ಮೆಗೇ ಮಾರಲು ಹೋದಾಗ ಆ ದರ ಇರುವುದಿಲ್ಲ. ಷೇರಿನ ಮೇಲೆ ಕಟ್ಟಿದ ಬೆಲೆಯೂ ಹಾಗೆಯೇ. ಆದರೆ ಅಂದಿನ ಮಾತು ಬೇರೆ ಇತ್ತು: ಇಂಟರ್‌ನೆಟ್ಟಿನಲ್ಲಿ ಮೊದಲು ಜಾಗ ಹಿಡಿದವನೇ ಗೆಲ್ಲುತ್ತಾನೆ, ತಡ ಮಾಡಿದರೆ ಇನ್ನೊಬ್ಬ ಹಿಡಿಯುತ್ತಾನೆ, ಲಾಭದ ವಿಚಾರ ಆಮೇಲೆ. ಅದೇ ವರ್ಷ ಮುಖ್ಯಸ್ಥರಾಗಿ ಬಂದ ಜಾರ್ಜ್ ಶಹೀನ್ ಅವರು ಆಂಡರ್ಸನ್ ಕನ್ಸಲ್ಟಿಂಗ್ ಎಂಬ ಹೆಸರಾಂತ ಸಲಹಾ ಸಂಸ್ಥೆಯನ್ನು ನಡೆಸಿದವರು. ಕಿರಾಣಿ ವ್ಯಾಪಾರದಿಂದ ಬಂದವರಲ್ಲ.

ಅಮೆರಿಕದಲ್ಲಿ ಹೆಚ್ಚಾಗಿ ತಂತ್ರಜ್ಞಾನ ಕಂಪನಿಗಳ ಷೇರು ದರದ ಏರಿಳಿತ ತೋರಿಸುವ ನ್ಯಾಸ್‌ಡ್ಯಾಕ್ ಸೂಚ್ಯಂಕವು 2000ದ ಮಾರ್ಚ್ 10ರಂದು ತನ್ನ ಶಿಖರ ಮುಟ್ಟಿ, ಆಮೇಲೆ ಜಾರತೊಡಗಿತು. ಹೊಸ ಹಣ ಸಿಗುವುದು ಕಷ್ಟವಾಯಿತು. ಅದೇ ವರ್ಷ ವೆಬ್‌ವ್ಯಾನ್ ತನ್ನ ಪ್ರತಿಸ್ಪರ್ಧಿ ಹೋಮ್‌ಗ್ರೋಸರ್ ಅನ್ನು ಷೇರುಗಳ ವಿನಿಮಯದ ಮೂಲಕ ಕೊಂಡಿತು. ಅದರೊಡನೆ ಆ ಕಂಪನಿಯ ನಷ್ಟವನ್ನೂ ಮೈಮೇಲೆ ಎಳೆದುಕೊಂಡಿತು. 2001ರಲ್ಲಿ ಡಲ್ಲಾಸ್, ಅಟ್ಲಾಂಟಾ ನಗರಗಳಲ್ಲಿ ಬಾಗಿಲು ಹಾಕಿತು. ಜುಲೈನಲ್ಲಿ ಎಲ್ಲೆಡೆ ವ್ಯಾಪಾರ ನಿಂತು, ಸುಮಾರು 2,000 ಜನ ಕೆಲಸ ಕಳೆದುಕೊಂಡರು. ಕೊನೆಯ ದಿನಗಳಲ್ಲಿ ಅದರ ಷೇರಿನ ದರ ಕೆಲವೇ ಸೆಂಟ್‌ಗಳಿಗೆ ಇಳಿದಿತ್ತು.

ಅದೇ ಕಾಲದಲ್ಲಿ ಉಳಿದುಕೊಂಡವರು

ಮನೆಗೆ ಕಿರಾಣಿ ತಲುಪಿಸುವುದೇ ಅಸಾಧ್ಯವಾಗಿದ್ದರೆ ಆಗ ಎಲ್ಲರೂ ಮುಳುಗಬೇಕಿತ್ತು. ಬ್ರಿಟನ್ನಿನ ಟೆಸ್ಕೊ ಮುಳುಗಲಿಲ್ಲ. ಅದು ಹೊಸ ಗೋದಾಮು ಕಟ್ಟಲು ಹೋಗದೆ, ಆಗಲೇ ಇದ್ದ ತನ್ನ ಅಂಗಡಿಗಳ ಕಪಾಟುಗಳಿಂದಲೇ ಆಳುಗಳ ಕೈಯಲ್ಲಿ ಸಾಮಾನು ಆರಿಸಿ ಕಳಿಸಿತು. ತಲುಪಿಸುವುದಕ್ಕೆ 5 ಪೌಂಡ್ ಶುಲ್ಕವನ್ನೂ ಪಡೆಯಿತು. ಈ ಪದ್ಧತಿಯಲ್ಲಿ ತೊಡಕುಗಳಿದ್ದವು. ಆರಿಸುವವನು ಗಿರಾಕಿಗಳ ನೂಕುನುಗ್ಗಲಿನಲ್ಲಿ ಓಡಾಡಬೇಕು, ಕಂಪ್ಯೂಟರಿನಲ್ಲಿ ಇದೆಯೆಂದ ಮಾಲು ಕಪಾಟಿನಲ್ಲಿ ಇರುವುದಿಲ್ಲ. ಆದರೆ ದಿನಕ್ಕೆ ಹತ್ತೇ ಆರ್ಡರ್ ಬಂದರೂ ಅಂಗಡಿ ಹೇಗೂ ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಅಮೆರಿಕದಲ್ಲೇ ಶಿಕಾಗೊ ಬಳಿ 1989ರಲ್ಲಿ ಶುರುವಾದ ಪೀಪಾಡ್ ಕೂಡ ಮೊದಲಿಗೆ ಬೇರೆಯವರ ಅಂಗಡಿಗಳಿಂದಲೇ ಸಾಮಾನು ಆರಿಸುತ್ತಿತ್ತು. ಅದೂ ಸಂಕಷ್ಟಕ್ಕೆ ಸಿಕ್ಕಿತಾದರೂ ಅಹೋಲ್ಡ್ ಎಂಬ ಡಚ್ ಕಿರಾಣಿ ಕಂಪನಿಯ ಆಸರೆಯಿಂದ ಬದುಕಿತು.

ನಮ್ಮ ರಾಜ್ಯದಲ್ಲೂ ಇದಕ್ಕೆ ಹತ್ತಿರದ ಕಥೆಯಿದೆ. 1999ರಲ್ಲಿ ಬೆಂಗಳೂರಿನಲ್ಲಿ ಫ್ಯಾಬ್‌ಮಾರ್ಟ್ ಎಂಬ ಇಂಟರ್‌ನೆಟ್ ಅಂಗಡಿ ಶುರುವಾಯಿತು. ಇಂಟರ್‌ನೆಟ್ಟಿನ ಗಿರಾಕಿಗಳಷ್ಟನ್ನೇ ನೆಚ್ಚಿಕೊಂಡು ನಡೆಯುವುದು ಸಾಧ್ಯವಿಲ್ಲವೆಂದು ಕಂಡಾಗ ಅದನ್ನು ಕಟ್ಟಿದವರು ರಸ್ತೆ ಬದಿಯ ಕಿರಾಣಿ ಮಳಿಗೆಗಳನ್ನು ತೆರೆದರು. ಆ ಮಳಿಗೆಗಳು ಕೊನೆಗೆ ಆದಿತ್ಯ ಬಿರ್ಲಾ ಸಮೂಹದ ಪಾಲಾದವು. ಇಂಟರ್‌ನೆಟ್ ವಿಭಾಗವು ಇಂಡಿಯಾಪ್ಲಾಜಾ ಎಂಬ ಹೆಸರಿನಲ್ಲಿ ಮುಂದುವರಿದು 2013ರಲ್ಲಿ ಮುಚ್ಚಿತು. ಹರಿ ಮೆನನ್ ಮೊದಲಾದ ಅದೇ ಗುಂಪಿನ ಕೆಲವರು 2011ರಲ್ಲಿ ಬಿಗ್‌ಬಾಸ್ಕೆಟ್ ಶುರು ಮಾಡಿದರು. ಆ ಹೊತ್ತಿಗೆ ಇಂಟರ್‌ನೆಟ್ಟಿನಲ್ಲಿ ಕೊಳ್ಳುವ ಜನ ಬೆಳೆದಿದ್ದರು.

ವೆಬ್‌ವ್ಯಾನ್‌ನ ಯಂತ್ರದ ವಿಚಾರವೂ ವ್ಯರ್ಥವಾಗಲಿಲ್ಲ. ಅಲ್ಲಿ ಕೆಲಸ ಮಾಡಿದ್ದ ಮಿಕ್ ಮೌಂಟ್ಜ್ ಅವರು, ಸಾಮಾನಿನ ಬಳಿಗೆ ಆಳು ಹೋಗುವ ಬದಲು ಆಳಿನ ಬಳಿಗೆ ಸಾಮಾನು ಬರಬೇಕೆಂಬ ವಿಚಾರವನ್ನು ಚಿಕ್ಕ ರೋಬೋಟುಗಳಿಂದ ಸಾಧಿಸುವ ಕಿವಾ ಎಂಬ ಕಂಪನಿಯನ್ನು 2003ರಲ್ಲಿ ಕಟ್ಟಿದರು. 2012ರಲ್ಲಿ ಅಮೆಜಾನ್ ಅದನ್ನು 77 ಕೋಟಿ 50 ಲಕ್ಷ ಡಾಲರಿಗೆ ಕೊಂಡಿತು. ಕಿಲೋಮೀಟರುಗಟ್ಟಲೆ ಪಟ್ಟಿಯನ್ನು ಒಮ್ಮೆಗೇ ಹಾಕಬೇಕು. ರೋಬೋಟುಗಳನ್ನು ವ್ಯಾಪಾರ ಬೆಳೆದಂತೆ ಹತ್ತರಿಂದ ಇಪ್ಪತ್ತು, ಇಪ್ಪತ್ತರಿಂದ ನಲವತ್ತು ಮಾಡಬಹುದು. ಲೆಕ್ಕ ಬರೆಯುವವನ ಕಣ್ಣಿಗೆ ಕಾಣುವ ದೊಡ್ಡ ವ್ಯತ್ಯಾಸ ಇದು.

ಹಾಗಾದರೆ ಈಗಿನ ಹತ್ತು ನಿಮಿಷದ ವ್ಯಾಪಾರ?

ಈಗಿನ ಆಪ್‌ಗಳು ಏಳೂವರೆ ಎಕರೆಯ ಒಂದು ಗೋದಾಮಿನ ಬದಲು ಬಡಾವಣೆಗೊಂದರಂತೆ ಚಿಕ್ಕ ಗೋದಾಮು ಇಡುತ್ತವೆ. ಗಿರಾಕಿಗಳಿಗೆ ಒಳಗೆ ಪ್ರವೇಶವಿಲ್ಲದ ಈ ಅಂಗಡಿಗೆ ಡಾರ್ಕ್ ಸ್ಟೋರ್ ಎನ್ನುತ್ತಾರೆ. ತಂಪು ವ್ಯಾನಿನ ಜಾಗಕ್ಕೆ ಮೋಟರ್ ಸೈಕಲ್ ಬಂದಿದೆ. 80 ಕಿಲೋಮೀಟರಿನ ಜಾಗಕ್ಕೆ ಎರಡು ಮೂರು ಕಿಲೋಮೀಟರ್ ಬಂದಿದೆ. ಒಂದು ಕಡೆ ನಡೆಯದಿದ್ದರೆ ಅದೊಂದನ್ನೇ ಮುಚ್ಚಬಹುದು. ಆದರೂ ಮೇಲಿನ ಭಾಗಾಕಾರ ತಪ್ಪುವುದಿಲ್ಲ: ಆ ಚಿಕ್ಕ ಗೋದಾಮಿನ ಬಾಡಿಗೆ ಮತ್ತು ಸಂಬಳವನ್ನು ಅದರ ಸುತ್ತಲಿನ ಆರ್ಡರ್‌ಗಳೇ ಹೊರಬೇಕು. ಬೆಂಗಳೂರಿನಲ್ಲಿ ಒಂದೇ ಅಪಾರ್ಟ್‌ಮೆಂಟಿನಿಂದ ಸಾಯಂಕಾಲ ಹತ್ತಾರು ಆರ್ಡರ್ ಬರಬಹುದು. ಒಂಟಿ ಮನೆಗಳೇ ಹೆಚ್ಚಿರುವ, ತಿಂಗಳ ಕಿರಾಣಿಯನ್ನು ಒಮ್ಮೆಲೇ ಉದ್ರಿ ಬರೆಸಿ ತರುವ ಮನೆಗಳಿನ್ನೂ ಇರುವ ಕಲಬುರಗಿಯಂಥ ಊರಿನಲ್ಲಿ ಅದೇ ಎರಡು ಕಿಲೋಮೀಟರಿನೊಳಗೆ ಎಷ್ಟು ಬರುತ್ತವೆ ಎಂಬುದೇ ಪರವಡುವ, ಪರವಡದ ಪ್ರಶ್ನೆ.

ಆಪ್‌ನಲ್ಲಿ "ಇನ್ನು ಇಷ್ಟು ರೂಪಾಯಿಯ ಸಾಮಾನು ಸೇರಿಸಿದರೆ ಡೆಲಿವರಿ ಉಚಿತ" ಎಂದು ಬರುವುದು, ಬಿಲ್ಲಿನ ಕೆಳಗೆ ಹ್ಯಾಂಡ್ಲಿಂಗ್ ಶುಲ್ಕ ಎಂಬ ಸಣ್ಣ ಸಾಲು ಕಾಣುವುದು, ಮಳೆ ಬಂದಾಗ ಇನ್ನಷ್ಟು ಸೇರುವುದು, ಇವೆಲ್ಲ ಆ ಒಂದು ಆರ್ಡರಿನ ಲೆಕ್ಕವನ್ನು ಸರಿದೂಗಿಸುವ ಪ್ರಯತ್ನಗಳು. ಒಂದು ಕೊತ್ತಂಬರಿ ಸೂಡಿಗಾಗಿ ಮೋಟರ್ ಸೈಕಲ್ ಓಡಿಸಿದರೆ ಪೆಟ್ರೋಲಿನ ದುಡ್ಡೂ ಹುಟ್ಟುವುದಿಲ್ಲ. ವೆಬ್‌ವ್ಯಾನ್ ಕೂಡ ಕೊನೆಗೆ ಉಚಿತ ಸೇವೆಯ ಮಿತಿಯನ್ನು 50 ಡಾಲರಿನಿಂದ ಮೇಲಕ್ಕೆ ಏರಿಸಿತ್ತು, ಆದರೆ ಆಗ ಗೋದಾಮುಗಳು ಎದ್ದು ನಿಂತಾಗಿತ್ತು.

ನಮ್ಮ ಅಂಗಡಿಯವರಿಗೆ ಇಷ್ಟನ್ನೂ ಎರಡು ಸಲ ಹೋದಾಗ ಹೇಳಿ ಮುಗಿಸಿದೆ. ಭಾಗಾಕಾರದ ಭಾಗ ಬಂದಾಗ ಅವರು ನಕ್ಕು ಮೊಳೆಯ ಕಡೆಗೆ ಕೈ ತೋರಿಸಿದರು. ಅದಕ್ಕೆ ಎರಡು ಚೀಟಿ ಚುಚ್ಚಿದ್ದವು, ಎರಡೂ ಹಿಂದಿನ ಓಣಿಯವು. ಹುಡುಗ ಸೈಕಲ್ಲಿಗೆ ಒರಗಿ ನಿಂತಿದ್ದ. "ಇನ್ನೊಂದು ಬರ್ಲಿ ತಡಿ, ಆಮ್ಯಾಲ ಹೋಗು" ಎಂದರು ಅವನಿಗೆ.